ಮುರಕಲ್ಲಿಗೆ ಮೂಗು ಕೊಡಬೇಡಿ

ಓದುಗರ ಪ್ರಶ್ನೆ, ಶಿಲ್ಪಿಗಳ ಉತ್ತರ

ಈ ಸಲದ ಪತ್ರಗಳೆಲ್ಲ ಕಲ್ಲು, ಮಣ್ಣು, ಮರದ ಸುತ್ತಲೇ ಇವೆ. ಒಂದೇ ಸಂಗತಿ ಕೇಳಿದ ಪತ್ರಗಳನ್ನು ಒಟ್ಟು ಸೇರಿಸಿದ್ದೇವೆ. ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ಮನೆ ಕಟ್ಟಲು ನಮ್ಮದೇ ಜಾಗದಲ್ಲಿ ಮುರಕಲ್ಲು ಕಡಿಸುತ್ತಿದ್ದೇವೆ. ಅದೇ ಕಲ್ಲಿನಲ್ಲಿ ಗೇಟಿನ ಎರಡೂ ಬದಿಗೆ ಯಕ್ಷಗಾನದ ವೇಷ ಕೆತ್ತಿಸುವ ಆಸೆ. ಆಗುತ್ತದೆಯೇ? (ಬ್ರಹ್ಮಾವರ)

ಉತ್ತರ: ವೇಷ ಆಗುತ್ತದೆ, ಮುಖ ಆಗುವುದಿಲ್ಲ. ಮುರಕಲ್ಲನ್ನು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲನ್ನು, ಹತ್ತಿರದಿಂದ ನೋಡಿ. ಗೆದ್ದಲು ತಿಂದ ಹಾಗೆ ಬೆರಳು ಹೋಗುವಷ್ಟು ತೂತು, ತೂತಿನೊಳಗೆ ಹಳದಿ ಅಥವಾ ಬಿಳಿ ಜೇಡಿ. ಕೆತ್ತಿದ ದಿನ ಆ ಜೇಡಿ ಕಲ್ಲಿನ ಭಾಗದಂತೆಯೇ ಕಾಣುತ್ತದೆ, ಮೊದಲ ಮಳೆಗಾಲದಲ್ಲಿ ತೊಳೆದು ಹೋಗುತ್ತದೆ. ಅರ್ಧ ಇಂಚಿನ ಮೂಗು ಅಂಥ ತೂತಿನ ಮೇಲೆ ಕುಳಿತಿದ್ದರೆ ಅದರ ಆಯುಷ್ಯ ಒಂದೇ ಆಟಿ, ಅಂದರೆ ಒಂದೇ ಮಳೆಗಾಲ. ಹಾಗಾಗಿ ಎರಡು ಇಂಚಿಗಿಂತ ಸಪೂರದ ಯಾವ ಭಾಗವನ್ನೂ ಹೊರಗೆ ಚಾಚಿಸಬೇಡಿ. ಕಿರೀಟದ ಹೊರ ಅಂಚು, ಭುಜದ ಅಗಲ, ಗೆಜ್ಜೆ ಕಟ್ಟಿದ ಕಾಲಿನ ನಿಲುವು, ಇಷ್ಟನ್ನೇ ದೊಡ್ಡ ದೊಡ್ಡ ಸಮತಲಗಳಲ್ಲಿ ಒಂದರಿಂದ ಒಂದೂವರೆ ಇಂಚು ಆಳ ತೆಗೆಯಿರಿ. ಉಳಿದದ್ದನ್ನು ಸಂಜೆಯ ಓರೆ ಬಿಸಿಲಿನ ನೆರಳು ಮಾಡುತ್ತದೆ.

ಸಮಯ ಮುಖ್ಯ. ನೆಲದಿಂದ ಆಗಷ್ಟೇ ಎದ್ದ ಕಲ್ಲು ಮೆತ್ತಗೆ ಇರುತ್ತದೆ, ಬಾಚಿಯಲ್ಲೇ ಕೊರೆಯಬಹುದು. ಗಾಳಿಗೆ ಬಿದ್ದು ಒದ್ದೆ ಆಗುತ್ತ ಒಣಗುತ್ತ ಹೋದಂತೆ ಒಳಗಿನ ಕಬ್ಬಿಣದ ಅಂಶ ಗಟ್ಟಿಯಾಗಿ, ಕಲ್ಲಿನ ಕಣಗಳನ್ನು ಬಂಧಿಸಿ ಬಿಗಿಯುತ್ತದೆ. ಮಲಬಾರಿನಲ್ಲಿ ಜನ ಇದನ್ನು ಇಟ್ಟಿಗೆಯಂತೆ ಕಡಿದು ಬಳಸುವುದನ್ನು ಕಂಡ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಲ್ಯಾಟಿನ್ನಿನ ಇಟ್ಟಿಗೆ ಎಂಬ ಪದದಿಂದಲೇ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಆದ್ದರಿಂದ ಕಲ್ಲು ಎದ್ದ ವಾರದೊಳಗೆ ಒರಟು ಕೆತ್ತನೆ ಮುಗಿಯಬೇಕು, ಅಲ್ಲಿಯವರೆಗೆ ಒದ್ದೆ ಗೋಣಿ ಹೊದೆಸಿಡಿ. ದೀಪಾವಳಿ ಕಳೆದ ಮೇಲೆ ಶುರು ಮಾಡಿದರೆ ಪತ್ತನಾಜೆಯ (ಮೇ ಕೊನೆಯ) ಒಳಗೆ ಕಲ್ಲಿಗೆ ಒಂದಿಡೀ ಬೇಸಿಗೆ ಸಿಗುತ್ತದೆ.

ಕಲ್ಲು ಆರಿಸುವಾಗ ಕಪ್ಪುಗೆಂಪು ಬಣ್ಣದ, ಎತ್ತಿದರೆ ಭಾರ ಅನಿಸುವ ಕಲ್ಲನ್ನೇ ನೋಡಿ. ಒಂದು ತುಂಡನ್ನು ರಾತ್ರಿ ಬಕೆಟಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ನೀರು ಕದಡಿದ್ದರೆ, ಅಂಚನ್ನು ಹೆಬ್ಬೆರಳಲ್ಲಿ ಉಜ್ಜಿದಾಗ ಉದುರಿದರೆ, ಅದು ತಳಪಾಯಕ್ಕಿರಲಿ. ನಿಲ್ಲಿಸುವಾಗ ಕೆಳಗಿನ ಎರಡು ವರಸೆ ಶಿಲೆಕಲ್ಲಿನದೇ (ಗ್ರಾನೈಟಿನದೇ) ಆಗಬೇಕು, ಇಲ್ಲದಿದ್ದರೆ ನೆಲದ ಪಸೆ ಮೇಲೇರಿ ಪಾದದಿಂದಲೇ ಕರಗಲು ಶುರುವಾಗುತ್ತದೆ. ತಲೆಯ ಮೇಲೆ ಎರಡು ಇಂಚು ಹೊರಚಾಚಿದ ಚಪ್ಪಡಿ ಹಾಕಿ, ಅದರ ಅಡಿಯಲ್ಲಿ ನೀರು ಕಡಿಯುವ ಗೆರೆ ಕೊರೆಯಿರಿ. ಎರಡು ಕಲ್ಲಿನ ಸಂದು ಎದೆಯ ಮೇಲೆ ಬಂದರೂ ಸರಿ, ಕುತ್ತಿಗೆಯ ಮೇಲೆ ಬರಬಾರದು.

ಪೈಂಟ್, ವಾರ್ನಿಷ್ ಬೇಡ. ಹಿಂದಿನಿಂದ ಬಂದ ನೀರು ಹೊರಹೋಗಲು ದಾರಿಯಿಲ್ಲದೆ ಪದರ ಪದರವಾಗಿ ಎಬ್ಬಿಸುತ್ತದೆ. ಪಾಚಿ ಬಂದರೆ ತೆಂಗಿನ ನಾರಿನ ಬ್ರಶ್ ಸಾಕು. ಪ್ರೆಷರ್ ವಾಷರ್ ಹಿಡಿದರೆ ಹತ್ತು ಮಳೆಗಾಲ ಮಾಡುವ ಕೆಲಸವನ್ನು ಹತ್ತು ನಿಮಿಷದಲ್ಲಿ ಮಾಡಿ ಮುಗಿಸಿದಂತೆ. ನಮ್ಮ ಹಿರಿಯರು ಮಳೆಗಾಲದಲ್ಲಿ ಗೋಡೆಗೆ ಮಡಲು (ತೆಂಗಿನ ಗರಿ) ಕಟ್ಟುತ್ತಿದ್ದದ್ದು ಮೂರ್ತಿಗೂ ಒಳ್ಳೆಯದೇ. ನೋಡಲು ಚಂದ ಇಲ್ಲ, ಅಷ್ಟೆ.

ಪ್ರಶ್ನೆ: ಗೊಮ್ಮಟನ ಕಾಲಿನ ಹತ್ತಿರ ಹುತ್ತ, ಬಳ್ಳಿ ಯಾಕೆ? ಕತೆ ಗೊತ್ತಿದೆ. ಶಿಲ್ಪದ ದೃಷ್ಟಿಯಿಂದ ಕಾರಣ ಉಂಟೇ? (ಮೂಡುಬಿದಿರೆ)

ಉತ್ತರ: ಒಳ್ಳೆಯ ಪ್ರಶ್ನೆ. ಕತೆ ಇಷ್ಟು: ಬಾಹುಬಲಿ ಕದಲದೆ ನಿಂತು ತಪಸ್ಸು ಮಾಡಿದ, ಕಾಲ ಬಳಿ ಹುತ್ತ ಬೆಳೆಯಿತು, ಮೈಮೇಲೆ ಬಳ್ಳಿ ಹಬ್ಬಿತು. ಶಿಲ್ಪಿಗೆ ಈ ಕತೆ ದೊಡ್ಡ ಉಪಕಾರ ಮಾಡಿದೆ.

ಗ್ರಾನೈಟ್ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಎಳೆತವನ್ನು ಅದರ ಹತ್ತರಲ್ಲೊಂದು ಪಾಲಿನಷ್ಟೂ ತಡೆಯುವುದಿಲ್ಲ. ನಿಂತ ಮನುಷ್ಯನ ಆಕೃತಿಯಲ್ಲಿ ಎಲ್ಲಕ್ಕಿಂತ ಸಪೂರದ ಜಾಗ ಹರಡು, ಅಂದರೆ ಕಣಕಾಲು. ಇಡೀ ಮೈಭಾರ ಅದರ ಮೇಲೆ. ಈಗ ಲೆಕ್ಕ ಹಾಕಿ. ಮೂರ್ತಿಯ ಎತ್ತರ ಎರಡು ಪಟ್ಟಾದರೆ ಭಾರ ಎಂಟು ಪಟ್ಟಾಗುತ್ತದೆ, ಹರಡಿನ ಅಡ್ಡಕೊಯ್ತದ ವಿಸ್ತಾರ ನಾಲ್ಕೇ ಪಟ್ಟು. 6 ಅಡಿಯ ಮೂರ್ತಿಯನ್ನು ಅದೇ ಅಳತೆಯ ಪ್ರಮಾಣದಲ್ಲಿ 42 ಅಡಿಗೆ ಒಯ್ದರೆ ಭಾರ 343 ಪಟ್ಟು, ಹರಡಿನ ವಿಸ್ತಾರ 49 ಪಟ್ಟು. ಪ್ರತಿ ಇಂಚಿನ ಮೇಲಿನ ಹೊರೆ ಏಳು ಪಟ್ಟು. ನೇರ ನಿಂತಿರುವಾಗ ಅದನ್ನೂ ಕಲ್ಲು ಹೊರುತ್ತದೆ. ಒಂದು ಬೆರಳು ವಾಲಿದರೆ ಒಂದು ಬದಿಗೆ ಎಳೆತ ಹುಟ್ಟುತ್ತದೆ, ಕಷ್ಟ ಅಲ್ಲಿದೆ. ಅದಕ್ಕೇ ಕಾಲಿನ ಹಿಂದೆ ಬಂಡೆಯನ್ನು ತೆಗೆಯದೆ ಬಿಟ್ಟು, ಅದರ ಮೈಯನ್ನು ಹುತ್ತವಾಗಿಸುವುದು. ನೋಡುವವನಿಗೆ ಅದು ಕಾಡು, ಕಲ್ಲಿಗೆ ಅದು ಊರುಗೋಲು. ಬಳ್ಳಿಯ ಕೆಲಸ ಬೇರೆ. ಉದ್ದಕ್ಕೂ ನುಣುಪಾದ ತೊಡೆಯ ಮೇಲೆ ಕಣ್ಣಿಗೆ ಅಳತೆ ಸಿಗುವುದಿಲ್ಲ, ಬಳ್ಳಿಯ ಸುತ್ತು ಆ ದುಂಡನ್ನು ತೋರಿಸಿಕೊಡುತ್ತದೆ.

ನಮ್ಮ ಸುತ್ತಲಿನ ಮೂರ್ತಿಗಳನ್ನು ಈ ಕಣ್ಣಿನಿಂದ ನೋಡಿ ಬನ್ನಿ. ಕಾರ್ಕಳದ್ದು 1432ರದು, ಸುಮಾರು 42 ಅಡಿ. ವೇಣೂರಿನದು 1604ರದು, 35 ಅಡಿ. ಧರ್ಮಸ್ಥಳದ 39 ಅಡಿಯದನ್ನು ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ ಕೆತ್ತಿದರು, ಅದು ರಸ್ತೆಯಲ್ಲಿ ಸಾಗಿ ಹೋಯಿತು. ಶ್ರವಣಬೆಳಗೊಳದ್ದು ಬೆಟ್ಟದ ನೆತ್ತಿಯಲ್ಲಿ ಇದ್ದಲ್ಲೇ ಕೆತ್ತಿದ್ದು, ಕಾರ್ಕಳದ್ದು ಬೇರೆಡೆ ಕೆತ್ತಿ ಗುಡ್ಡಕ್ಕೆ ಏರಿಸಿದ್ದು. ಸಾಗಿಸುವ ಮೂರ್ತಿ ಮಲಗಿರುವಾಗ, ಎಬ್ಬಿಸುವಾಗ ಬಾಗುವ ಹೊರೆಯನ್ನೂ ತಡೆಯಬೇಕು.

ನೀವು ಮೂರಡಿಯ ನಿಂತ ಮೂರ್ತಿ ಕೆತ್ತುವವರಾದರೆ ಇದರಿಂದ ಹೊರಡುವ ಕ್ರಮ ಹೀಗೆ. ಮೇಲಿನಿಂದ ಕೆಳಗೆ ಬನ್ನಿ. ಎರಡು ಹರಡುಗಳ ನಡುವಿನ ಕಲ್ಲನ್ನು ಕೊನೆಯವರೆಗೂ ತೆಗೆಯಬೇಡಿ. ಹೊಸಬರು ಕಾಲು ಬಿಡಿಸಿದರೆ ಮೂರ್ತಿ ಬೇಗ ಕಾಣುತ್ತದೆಂದು ಮೊದಲೇ ಅಲ್ಲಿ ಕೈಯಿಡುತ್ತಾರೆ. ಆಮೇಲೆ ಭುಜದ ಮೇಲೆ ಹೊಡೆದ ಪ್ರತಿ ಪೆಟ್ಟೂ ಹರಡಿಗೆ ಇಳಿಯುತ್ತದೆ. ಕೊನೆಗೆ ಮೂರ್ತಿಯನ್ನು ಮರಳಿನ ಚೀಲದ ಮೇಲೆ ಮಲಗಿಸಿ, ಸುತ್ತಿಗೆ ಬಿಟ್ಟು ವಜ್ರದ ಬ್ಲೇಡಿನಲ್ಲೇ ಆ ಸೇತುವೆ ಬಿಡಿಸಿ.

ಪ್ರಶ್ನೆ: ಮಗ ಪಿಯುಸಿ ಮುಗಿಸಿದ್ದಾನೆ, ಶಿಲ್ಪಿ ಆಗುತ್ತೇನೆ ಅನ್ನುತ್ತಾನೆ. ಎಲ್ಲಿ ಕಲಿಯಬೇಕು, ಎಷ್ಟು ವರ್ಷ, ಹೊಟ್ಟೆ ತುಂಬುತ್ತದೆಯೇ? (ಕಾರ್ಕಳ, ಹಿರಿಯಡಕ)

ಉತ್ತರ: ಕಾರ್ಕಳದವರು ದೂರ ಹೋಗುವ ಮೊದಲು ಮಿಯಾರಿನ ಸಿ.ಇ. ಕಾಮತ್ ಕುಶಲಕರ್ಮಿ ತರಬೇತಿ ಸಂಸ್ಥೆಯನ್ನು ನೋಡಿ ಬನ್ನಿ, ಕಲ್ಲು ಮತ್ತು ಮರದ ಸಾಂಪ್ರದಾಯಿಕ ಕೆತ್ತನೆಯನ್ನು ಅಲ್ಲಿ ಕೈಯಿಂದ ಕೈಗೆ ಕಲಿಸುತ್ತಾರೆ. ಪದವಿಯೇ ಬೇಕೆಂದರೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನಲ್ಲಿ ಶಿಲ್ಪ ವಿಭಾಗ ಇದೆ. ಕಾಲೇಜಿನಲ್ಲಿ ರೇಖಾಚಿತ್ರ, ಮಣ್ಣು, ಅಚ್ಚು, ಎರಕ ಚೆನ್ನಾಗಿ ಬರುತ್ತದೆ, ಕಲ್ಲಿನ ಕೈ ಬರುವುದು ಕಾರ್ಯಾಗಾರದಲ್ಲೇ. ಮೊದಲು ಆರು ತಿಂಗಳು ಯಾವುದಾದರೂ ಶಿಲ್ಪಶಾಲೆಯಲ್ಲಿ ಕೂರಿಸಿ, ಆಮೇಲೆ ಅರ್ಜಿ ಹಾಕಿ ಎನ್ನುವುದು ನಮ್ಮ ಮಾತು. ಬೇಸರ ಬರುವುದಾದರೆ ಆ ಆರು ತಿಂಗಳಲ್ಲೇ ಬಂದುಬಿಡಲಿ.

ಅಲ್ಲಿ ಮೊದಲ ಕೆಲಸ ದೇವರ ಮುಖವಲ್ಲ. ಒಂದಡಿ ಕಲ್ಲಿನ ಒಂದು ಮೈಯನ್ನು ಸಮ ಮಾಡುವುದು. ನಾಲ್ಕು ಅಂಚು ಮೊದಲು, ಪಟ್ಟಿ ಇಟ್ಟು ನೋಡಿ, ಆಮೇಲೆ ನಡುವಿನ ಉಬ್ಬು. ಎರಡನೆಯ ಮೈ ಮೂಲೆಮಟ್ಟಕ್ಕೆ ಕೂರಬೇಕು. ಆರೂ ಮೈ ಆದ ಮೇಲೆ ಅದೇ ಕಲ್ಲನ್ನು ಚೆಂಡು ಮಾಡುವುದು. ಚೆಂಡು ಬಂದವನಿಗೆ ಕೆನ್ನೆ ಬರುತ್ತದೆ.

ಚಾಣ ಹಿಡಿಯುವ ಓರೆಯೂ ಈಗಲೇ ಕೈಗೆ ಹತ್ತಬೇಕು, 45ರಿಂದ 60 ಡಿಗ್ರಿ. ನೆಟ್ಟಗೆ ಹಿಡಿದು ಹೊಡೆದರೆ ಕಲ್ಲು ಏಳುವುದಿಲ್ಲ, ಒಳಗೆ ಜಜ್ಜಿಹೋಗುತ್ತದೆ. ಆಗ ಏನೂ ಕಾಣುವುದಿಲ್ಲ. ಪಾಲಿಶ್ ಮಾಡುವಾಗ ಬಿಳಿ ಚುಕ್ಕೆಗಳಾಗಿ ಮೇಲೆ ಬರುತ್ತದೆ, ತೆಗೆಯಲು ಕೆಲವು ಮಿಲಿಮೀಟರ್ ಇಳಿಯಬೇಕಾಗುತ್ತದೆ, ಅಷ್ಟರಲ್ಲಿ ತುಟಿ ಹೋಗಿರುತ್ತದೆ. ಒರಟು ಕೆಲಸಕ್ಕೆ ಒಂದರಿಂದ ಒಂದೂವರೆ ಕಿಲೋದ ಸುತ್ತಿಗೆ, ಸೂಕ್ಷ್ಮಕ್ಕೆ ಅರ್ಧ ಕಿಲೋದ್ದು. ಆರು ಮೊನೆಚಾಣ, ಎರಡು ಮೂರು ಹಲ್ಲುಚಾಣ, ನಾಲ್ಕು ಚಪ್ಪಟೆ ಚಾಣ ಸಾಕು. ಗ್ರಾನೈಟಿಗೆ ಕಾರ್ಬೈಡ್ ತುದಿಯದು ಒಳ್ಳೆಯದು, ಆದರೂ ಉಕ್ಕಿನ ಚಾಣಕ್ಕೆ ಹದ ಕೊಡಲು ಕಲಿಯಲಿ. ತುದಿ ಕೆಂಡದ ಕೆಂಪಿಗೆ ಬಂದಾಗ ಅರ್ಧ ಇಂಚು ಮಾತ್ರ ನೀರಿಗೆ ಅದ್ದಿ ತೆಗೆದು, ತಕ್ಷಣ ಕಲ್ಲಿಗೆ ಉಜ್ಜಿ ಹೊಳಪು ಬರಿಸಿದರೆ ಹಿಂದಿನ ಕಾವು ತುದಿಗೆ ಹರಿಯುವುದು ಬಣ್ಣದಲ್ಲೇ ಕಾಣುತ್ತದೆ. ಒಣಹುಲ್ಲಿನ ಬಣ್ಣ ತುದಿಗೆ ಮುಟ್ಟಿದಾಗ ಪೂರ್ತಿ ಅದ್ದಬೇಕು. ಕೆಂಪಗಿರುವಾಗಲೇ ಇಡೀ ಚಾಣ ಮುಳುಗಿಸಿದರೆ ಅದು ಗಾಜಿನ ಹಾಗೆ ಮುರಿಯುತ್ತದೆ, ಬಣ್ಣ ನೀಲಿ ದಾಟಲು ಬಿಟ್ಟರೆ ತುದಿ ಮಡಚುತ್ತದೆ. ಹೊಡೆತ ತಿಂದು ಅಣಬೆಯಂತೆ ಅರಳಿದ ಚಾಣದ ತಲೆಯನ್ನು ವಾರಕ್ಕೊಮ್ಮೆ ಮಸೆಯಿರಿ, ಆ ಚೂರು ಹಾರುವುದು ಕಣ್ಣಿಗೆ.

ತಾಳಮಾನ, ಅಂದರೆ ಮೂರ್ತಿಯ ಅಂಗಗಳ ಸಾಂಪ್ರದಾಯಿಕ ಅಳತೆ, ಬಾಯಿಪಾಠ ಆದರೆ ಸಾಲದು, ಇಂಚಿಗೆ ಇಳಿಸಲು ಬರಬೇಕು. ಒಂಬತ್ತು ಮುಖದಷ್ಟು ಎತ್ತರದ ನವತಾಳದಲ್ಲಿ ಒಟ್ಟು 108 ಅಂಗುಲ: ಮುಖ 12, ಕುತ್ತಿಗೆ 4, ಅಲ್ಲಿಂದ ಎದೆ 12, ಎದೆಯಿಂದ ಹೊಕ್ಕುಳು 12, ಹೊಕ್ಕುಳಿಂದ ಕೆಳಹೊಟ್ಟೆಯ ಕೊನೆ 12, ತೊಡೆ 24, ಮಂಡಿ 4, ಮೊಣಕಾಲಿನ ಕೆಳಗೆ 24, ಪಾದ 4. ಮೂರ್ತಿ 36 ಇಂಚಾದರೆ ಒಂದು ಅಂಗುಲ ಅಂದರೆ ಇಂಚಿನ ಮೂರರಲ್ಲೊಂದು, ಮುಖ ನಾಲ್ಕಿಂಚು. ಇಲ್ಲೊಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಈ 108ರಲ್ಲಿ ಕಿರೀಟ ಇಲ್ಲ, ಪೀಠವೂ ಇಲ್ಲ. ‘ಮೂರಡಿಯ ದೇವರು’ ಎಂದು ಮೂರಡಿಯ ಕಲ್ಲು ತಂದವನಿಗೆ ಮುಖ ಮೂರಿಂಚಿಗೂ ಸಿಗುವುದಿಲ್ಲ. ಕಿರೀಟಕ್ಕೆ 6, ಪೀಠಕ್ಕೆ 8, ಕೂರಿಸುವ ಕುಟ್ಟಿಗೆ (ಗೂಟಕ್ಕೆ) 4 ಸೇರಿಸಿದರೆ 54 ಇಂಚು ಆಯಿತು. ಅಗಲ 24, ದಪ್ಪ 14 ಹಿಡಿದರೆ ಹತ್ತೂವರೆ ಘನ ಅಡಿ. ಘನ ಅಡಿಗೆ 75 ಕಿಲೋದಂತೆ ಸುಮಾರು 800 ಕಿಲೋ ಕಲ್ಲು ಅಂಗಳಕ್ಕೆ ಬರಬೇಕು. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಚಕ್ಕೆಯಾಗಿಯೇ ಹೋಗುತ್ತದೆ.

ತರುವ ಮೊದಲು ಕಲ್ಲನ್ನು ತಟ್ಟಿ ಕೇಳಿ. ಗಂಟೆಯಂತೆ ನುಡಿಯಬೇಕು, ಒಡಕು ಮಡಕೆಯ ಸದ್ದು ಬಂದರೆ ಬಿಡಿ. ಆಮೇಲೆ ಒಂದು ಕೊಡ ನೀರು ಹೊಯ್ದು ಕಾಯಿರಿ. ಕಲ್ಲು ಒಣಗಿದ ಮೇಲೂ ಕೂದಲಿನಂತೆ ಒಂದು ಕಪ್ಪು ಗೆರೆ ಉಳಿದರೆ ಅದು ಬಿರುಕು. ಆ ಕಲ್ಲು ಪೀಠಕ್ಕೂ ಬೇಡ.

ಹೊಟ್ಟೆಯ ಪ್ರಶ್ನೆಗೆ: ತುಂಬುತ್ತದೆ, ತಡವಾಗಿ. ದೇವಸ್ಥಾನದ ಜೀರ್ಣೋದ್ಧಾರ, ದೈವದ ಗುಡಿ, ದಳಿ, ದೀಪಸ್ತಂಭ ಇವು ಕರಾವಳಿಯಲ್ಲಿ ನಿಲ್ಲದ ಕೆಲಸ, ಸ್ವಂತ ಕಲ್ಪನೆಯ ಶಿಲ್ಪಕ್ಕೆ ಗಿರಾಕಿ ಅಪರೂಪ. ದರ ಹೇಳುವಾಗ ಕೆಲಸದ ದಿನ, ಕಲ್ಲು, ಸಾಗಾಟ, ಕ್ರೇನ್ ಎಲ್ಲ ಕೂಡಿಸಿ, ಕಲ್ಲು ಕೈಕೊಟ್ಟರೆ ಎಂದು ಹತ್ತರಲ್ಲೊಂದು ಪಾಲು ಸೇರಿಸಿ. ಹಣ ಮೂರು ಕಂತಿನಲ್ಲಿರಲಿ: ಕಲ್ಲು ತರುವಾಗ, ಒರಟು ರೂಪ ಬಂದಾಗ, ಸಾಗಿಸುವ ಮೊದಲು. ಪ್ರತಿಷ್ಠೆಯ ಗಡಿಬಿಡಿ ಕಳೆದ ಮೇಲೆ ಬಾಕಿ ಕೇಳುವುದು ಕೆತ್ತುವುದಕ್ಕಿಂತ ಕಷ್ಟ.

ಇನ್ನೊಂದು ಮಾತು, ಇದನ್ನು ಮನೆಯವರೇ ಓದಿ. ಗ್ರಾನೈಟಿನಲ್ಲಿ ಸ್ಫಟಿಕ ಶಿಲೆಯ ಅಂಶ ಬಹಳ. ಗ್ರೈಂಡರ್ ಎಬ್ಬಿಸುವ ಕಣ್ಣಿಗೆ ಕಾಣದ ಹುಡಿ ಶ್ವಾಸಕೋಶದಲ್ಲಿ ಕುಳಿತು ಸಿಲಿಕೋಸಿಸ್ ತರುತ್ತದೆ, ಅದು ವಾಸಿಯಾಗುವ ಕಾಯಿಲೆಯಲ್ಲ. ಮುಖಕ್ಕೆ ಕಟ್ಟಿದ ಬೈರಾಸು (ಟವೆಲ್) ಅದನ್ನು ತಡೆಯುವುದಿಲ್ಲ. ನೀರು ಬಿಟ್ಟುಕೊಂಡು ಕೊಯ್ಯುವುದು, ಎನ್-95 ಅಥವಾ ಅದಕ್ಕಿಂತ ಮೇಲಿನ ಮಾಸ್ಕ್, ಸಂಜೆ ಹುಡಿಯನ್ನು ಒಣಗುಡಿಸದೆ ನೀರು ಚಿಮುಕಿಸಿ ತೆಗೆಯುವುದು. ಈ ಮೂರೂ ಇಲ್ಲದ ಶಾಲೆಗೆ ಮಗನನ್ನು ಕಳಿಸಬೇಡಿ, ಗುರು ಎಷ್ಟೇ ದೊಡ್ಡವರಿರಲಿ.

ಪ್ರಶ್ನೆ: ಚೌತಿಗೆ ಮನೆಯಲ್ಲೇ ಮಣ್ಣಿನ ಗಣಪತಿ ಮಾಡುತ್ತೇವೆ. ಪ್ರತಿ ವರ್ಷ ಸೊಂಡಿಲು ಮತ್ತು ಕುತ್ತಿಗೆ ಬಿರಿಯುತ್ತದೆ. (ಮಂಗಳೂರು)

ಉತ್ತರ: ಮಣ್ಣು ತುಂಬ ಒಳ್ಳೆಯದಿರುವುದೇ ಕಾರಣ! ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ನೇತ್ರಾವತಿ, ಗುರುಪುರ ಹೊಳೆ ದಂಡೆಯ ಈ ಜಿಗುಟು ಮಣ್ಣನ್ನು ನಂಬಿ. ಜಿಗುಟು ಹೆಚ್ಚಿದ್ದಷ್ಟು ನೀರು ಹೆಚ್ಚು ಕುಡಿಯುತ್ತದೆ, ಒಣಗುವಾಗ ಹೆಚ್ಚು ಕುಗ್ಗುತ್ತದೆ. ನೂರಕ್ಕೆ ಎಂಟು ಕುಗ್ಗಿದರೂ ಒಂದಡಿಯ ಗಣಪತಿ ಸುಮಾರು ಒಂದಿಂಚು ಸಣ್ಣದಾಗುತ್ತಾನೆ. ಸಪೂರದ ಸೊಂಡಿಲು ಎರಡು ದಿನದಲ್ಲಿ ಒಣಗಿ ಕುಗ್ಗುತ್ತದೆ, ದಪ್ಪ ಹೊಟ್ಟೆ ಇನ್ನೂ ಒದ್ದೆ. ಇಬ್ಬರ ಜಗಳದಲ್ಲಿ ಸಂದು ಹರಿಯುತ್ತದೆ.

ಹತ್ತು ಪಾಲು ಮಣ್ಣಿಗೆ ಒಂದು ಪಾಲು ಜರಡಿ ಹಿಡಿದ ನಯವಾದ ಹೊಳೆ ಮರಳು, ಕಿಲೋಗೆ ಒಂದು ಮುಷ್ಟಿ ನೆನೆಸಿ ಅರೆದ ಕಾಗದ ಸೇರಿಸಿ ತುಳಿದು, ಒಂದು ವಾರ ಒದ್ದೆ ಗೋಣಿಯಲ್ಲಿ ಕಟ್ಟಿಡಿ. ಹೊಟ್ಟೆಯನ್ನು ಅಡಿಯಿಂದ ತೋಡಿ ಟೊಳ್ಳು ಮಾಡಿ, ಗೋಡೆ ಒಂದಿಂಚು ಉಳಿದರೆ ಸಾಕು. ಸೊಂಡಿಲು ಅಂಟಿಸುವಾಗ ಎರಡೂ ಮೈಗೆ ಗೀರು ಹಾಕಿ, ಎರಡೂ ಒಂದೇ ಪಸೆಯಲ್ಲಿರಲಿ. ಮೊದಲ ಮೂರು ದಿನ ಕಿವಿ, ಸೊಂಡಿಲು, ಬೆರಳಿಗೆ ಮಾತ್ರ ಒದ್ದೆ ಬಟ್ಟೆ. ಫ್ಯಾನಿನಡಿ ಇಡಬೇಡಿ. ಬಚ್ಚಲೊಲೆಯ ಪಕ್ಕ ಇಟ್ಟರೆ ಒಲೆಯ ಕಡೆಯ ಕೆನ್ನೆ ಮಾತ್ರ ಒಣಗುತ್ತದೆ. ಒಳಗೆ ಒಣಗಿದೆಯೇ ಎಂದು ನೋಡಲು ಮೂರ್ತಿಯನ್ನು ನಿಮ್ಮ ಕೆನ್ನೆಗೆ ತಾಗಿಸಿ: ತಣ್ಣಗಿದ್ದರೆ ಇನ್ನೂ ನೀರಿದೆ. ಬಿರುಕು ಬಂದೇ ಬಿಟ್ಟರೆ ತೆಳು ನೀರುಮಣ್ಣು ಸುರಿಯಬೇಡಿ, ಅದೂ ಕುಗ್ಗಿ ಮತ್ತೆ ಬಾಯಿಬಿಡುತ್ತದೆ. ಅದೇ ಮಣ್ಣಿನ ಒಣ ಹುಡಿಯನ್ನು ವಿನೆಗರಿನಲ್ಲಿ ಗಟ್ಟಿ ಕಲಸಿ ಒತ್ತಿ ತುಂಬಿ.

ಬಣ್ಣಕ್ಕೆ ಸುಣ್ಣ, ಕಾವಿ, ಅರಸಿನ ಬಳಸುವವರು ಗಮನಿಸಿ: ಸುಣ್ಣದ ಮೇಲೆ ಅರಸಿನ ಹಚ್ಚಿದರೆ ಹಳದಿ ಪೀತಾಂಬರ ಕೆಂಪಾಗುತ್ತದೆ.

ಪ್ರಶ್ನೆ: ಗಾಳಿಗೆ ಬಿದ್ದ ಹಲಸಿನ ಮರದ ದಿಮ್ಮಿ ಇದೆ, ಎರಡಡಿ ದಪ್ಪ. ಆಳೆತ್ತರದ ಮೂರ್ತಿ ಮಾಡಬಹುದೇ? (ಕಟಪಾಡಿ)

ಉತ್ತರ: ಮಾಡಬಹುದು. ಮೆಕ್ಕೆಕಟ್ಟಿನ ಭೂತದ ಮೂರ್ತಿಗಳಷ್ಟು ದೊಡ್ಡ ಮರದ ಕೆಲಸ ಉಡುಪಿ ಜಿಲ್ಲೆಯಲ್ಲೇ ಆಗಿದೆ, ಅಲ್ಲಿನ ಹಳೆಯ ಮೂರ್ತಿಗಳು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲೂ ಇವೆ. ಆದರೆ ಇವತ್ತೇ ದಿಮ್ಮಿಯ ಎರಡೂ ತಲೆಗೆ ಮೇಣ ಅಥವಾ ಉಳಿದ ಎನಾಮಲ್ ಪೈಂಟ್ ದಪ್ಪಕ್ಕೆ ಬಳಿಯಿರಿ. ನೀರು ಬೇಗ ಹೋಗುವುದು ತಲೆಯಿಂದ, ಸೀಳು ಶುರುವಾಗುವುದೂ ಅಲ್ಲಿಂದ. ನೆಲದಿಂದ ಅರ್ಧ ಅಡಿ ಮೇಲೆ, ಅಡ್ಡಮರದ ಮೇಲೆ, ನೆರಳಲ್ಲಿಡಿ.

ಮರ ವರ್ಷದ ಉಂಗುರದ ಉದ್ದಕ್ಕೆ ಕುಗ್ಗುವುದು ತಿರುಳಿನ ಕಡೆಗೆ ಕುಗ್ಗುವುದರ ಸುಮಾರು ಎರಡು ಪಟ್ಟು. ಇಡೀ ದಿಮ್ಮಿ ನಕ್ಷತ್ರದಂತೆ ಬಿರಿಯುವುದು ಇದಕ್ಕೆ. ಇಂಚಿಗೆ ಒಂದು ವರ್ಷ ಒಣಗಬೇಕೆಂಬ ಲೆಕ್ಕ ಹಿಡಿದರೆ ನಿಮ್ಮ ದಿಮ್ಮಿಗೆ ಕಾಯಲಾಗದು. ತಿರುಳಿನ ಮೇಲೆ ಉದ್ದಕ್ಕೆ ಸೀಳಿ, ಹಿಂಬದಿಯಿಂದ ತೋಡಿ, ಎರಡು ಮೂರು ಇಂಚಿನ ಗೋಡೆ ಉಳಿಸಿ. ಚಾಚಿದ ಕೈಯನ್ನು ಅದೇ ದಿಮ್ಮಿಯಲ್ಲಿ ಕೆತ್ತಬೇಡಿ, ನಾರು ಅಡ್ಡ ಬಂದು ಮೊಣಕೈಯಲ್ಲಿ ಪಟ್ಟನೆ ಮುರಿಯುತ್ತದೆ. ನಾರು ಕೈಯ ಉದ್ದಕ್ಕೇ ಹೋಗುವ ಬೇರೆ ತುಂಡಿನಿಂದ ಮಾಡಿ ಕುಟ್ಟಿ ಕೊಟ್ಟು ಜೋಡಿಸಿ. ಹೊರಗಿನ ಬಿಳಿ ಮರವನ್ನು ಪೂರ್ತಿ ತೆಗೆಯಿರಿ, ಹುಳ ಹಿಡಿಯುವುದು ಅದಕ್ಕೆ, ಹಳದಿ ತಿರುಳಿಗೆ ಕಡಿಮೆ. ತೆಗೆಯಲಾಗದ ಕಡೆ ಲೀಟರ್ ಬಿಸಿನೀರಿಗೆ 30 ಗ್ರಾಂ ಬೋರಾಕ್ಸ್, 20 ಗ್ರಾಂ ಬೋರಿಕ್ ಆಸಿಡ್ ಕರಗಿಸಿ ಎರಡು ಮೂರು ಸಲ ಬಳಿಯಿರಿ. ಮಳೆಗೆ ಅದು ತೊಳೆದು ಹೋಗುತ್ತದೆ, ಚಾವಡಿಯೊಳಗಿನ ಮೂರ್ತಿಗೆ ಮಾತ್ರ ಈ ಉಪಾಯ.

ಪ್ರಶ್ನೆ: ಅಯೋಧ್ಯೆಯ ಬಾಲರಾಮನ ಕೃಷ್ಣಶಿಲೆಯಂಥದ್ದೇ ಎಂದು ಕಪ್ಪು ಕಲ್ಲೊಂದನ್ನು ಕೊಟ್ಟಿದ್ದಾರೆ. ನಿಜವೇ? (ಕುಂದಾಪುರ)

ಉತ್ತರ: ಅರುಣ್ ಯೋಗಿರಾಜ್ ಕೆತ್ತಿದ್ದು ಮೈಸೂರು ಸೀಮೆಯ ಕಲ್ಲಿನಲ್ಲಿ. ಪೇಟೆಯಲ್ಲಿ ಮಾತ್ರ ಕಪ್ಪಗಿರುವುದಕ್ಕೆಲ್ಲ ಅದೇ ಹೆಸರು. ಚಾಕುವಿನ ಮೊನೆಯಿಂದ ಹಿಂಬದಿಯಲ್ಲಿ ಗೀರಿ. ಗೀರು ಬಿದ್ದು ಹುಡಿ ಎದ್ದರೆ ಮೆತ್ತನೆಯ ಶಿಲೆ, ಉಗುರಿನಷ್ಟು ಸಣ್ಣ ಆಭರಣವೂ ಅದರಲ್ಲಿ ಬರುತ್ತದೆ. ಚಾಕುವಿನ ಉಕ್ಕೇ ಕಲ್ಲಿನ ಮೇಲೆ ಹೊಳೆಯುವ ಗೆರೆಯಾಗಿ ಅಂಟಿದರೆ ಅದು ಗಟ್ಟಿ ಕಲ್ಲು, ಕೆಲಸದ ದಿನ ಎಷ್ಟೋ ಪಟ್ಟು ಹೆಚ್ಚುತ್ತದೆ. ದರ ಮಾತಾಡುವ ಮೊದಲೇ ಗೀರಿ ನೋಡಿ.

ಪ್ರಶ್ನೆ: ಕಡಲ ಬದಿಯ ಮನೆ. ಅಂಗಳದ ಸಿಮೆಂಟ್ ಮೂರ್ತಿಯ ಬೆರಳುಗಳು ಕಂದು ನೀರು ಸುರಿಸಿ ಒಡೆಯುತ್ತಿವೆ. ಕಂಚಿನದಾದರೆ ಉಳಿಯುತ್ತದೆಯೇ? (ಸುರತ್ಕಲ್)

ಉತ್ತರ: ಒಳಗಿನ ಕಬ್ಬಿಣದ ಸರಿಗೆ ತುಕ್ಕು ಹಿಡಿದು ಉಬ್ಬಿದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು, ಸಿಮೆಂಟ್ ಒಡೆಯದೆ ಇನ್ನೇನು ಮಾಡೀತು? ಮೇಲಿಂದ ಸಿಮೆಂಟ್ ಮೆತ್ತಿದರೆ ಮುಂದಿನ ಮಳೆಗೆ ಮತ್ತೆ ಅದೇ ಕತೆ. ಒಡೆದ ಬೆರಳನ್ನು ಪೂರ್ತಿ ಬಿಡಿಸಿ, ಸರಿಗೆ ಕತ್ತರಿಸಿ ತೆಗೆದು, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕಂಬಿ ಹಾಕಿ ಕಟ್ಟಿ. 304 ದರ್ಜೆಯದು ಉಪ್ಪು ಗಾಳಿಗೆ ಸಾಲದು. ಅಳಿವೆಯ ಮರಳಾದರೆ ನಾಲಿಗೆಗೆ ಇಟ್ಟು ನೋಡಿ, ಉಪ್ಪು ತಾಗಿದರೆ ವಾಪಸು ಕಳಿಸಿ.

ಮಂಗಳೂರಿನ ಕದ್ರಿ ದೇವಸ್ಥಾನದ ಕಂಚಿನ ಲೋಕೇಶ್ವರ 968ರಿಂದ ಉಳಿದಿದ್ದಾನೆ, ಆದರೆ ಅವನು ಗುಡಿಯ ನೆರಳಿನಲ್ಲಿದ್ದಾನೆ. ನಿಮ್ಮ ಕಂಚು ಅಂಗಳದಲ್ಲಿ ನಿಲ್ಲುವುದಾದರೆ ವರ್ಷಕ್ಕೆರಡು ಸಲ, ಪತ್ತನಾಜೆಗೆ ಮೊದಲು ಮತ್ತು ದೀಪಾವಳಿ ಕಳೆದ ಮೇಲೆ, ಉಪ್ಪಿಲ್ಲದ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಮೇಣ ತಿಕ್ಕಬೇಕು. ಮೈಗೆ ಅಂಟಿದ ಕಂದು, ಗಾಢ ಹಸಿರು ತೊಂದರೆಯಲ್ಲ, ಅದನ್ನು ಹುಣಸೆಹುಳಿ ಹಾಕಿ ಬೆಳಗಬೇಡಿ. ಉಗುರು ತಾಗಿದರೆ ಉದುರುವ ತಿಳಿಹಸಿರು ಹುಡಿ ಕಂಡರೆ ಮಾತ್ರ ಉಪ್ಪು ಒಳಗೆ ಇಳಿದಿದೆ ಎಂದರ್ಥ. ಅದರ ಮೇಲೆ ಮೇಣ ಹಚ್ಚಿದರೆ ಉಪ್ಪನ್ನು ಒಳಗೇ ಮುಚ್ಚಿದಂತೆ, ಮೊದಲು ಎರಕದವರಿಗೆ ತೋರಿಸಿ.